ಹನ್ನೊಂದನೇ ಸಾಲಿನ ಗಡ್ಡೆ

ಯಂತ್ರ ತಾನಾಗಿಯೇ ಕಲಿಯಿತು ಎಂದು ಕಾರ್ಖಾನೆಯ ಯಜಮಾನರ ಅಳಿಯಂದಿರು ಹೇಳಿದ ಹೊತ್ತಿನಲ್ಲಿ ಮೆಲ್ಲಿ ಅದೇ ಕೋಣೆಯಲ್ಲಿ ಚಹಾದ ಲೋಟಗಳನ್ನು ಎತ್ತುತ್ತಿದ್ದಳು. ಬಂದಿದ್ದವರು ದೊಡ್ಡ ಕಂಪನಿಯ ಮೂವರು. ಗೋಡೆಯ ಪರದೆಯಲ್ಲಿ ಆಲೂಗಡ್ಡೆಗಳು ಒಂದರ ಹಿಂದೊಂದು ಮೇಲೇರುತ್ತಿದ್ದವು, ಪ್ರತಿಯೊಂದರ ಸುತ್ತ ಒಂದು ಹಸಿರು ಚೌಕಟ್ಟು ಬಂದು ಕೂರುತ್ತಿತ್ತು. "ಮೊದಮೊದಲು ಮಣ್ಣಿನ ಹೆಂಟೆ ಯಾವುದು, ಗಡ್ಡೆ ಯಾವುದು ಅಂತಾನೂ ಇದಕ್ಕೆ ಗೊತ್ತಾಗ್ತಿರ್ಲಿಲ್ಲ. ನೋಡ್ತಾ ನೋಡ್ತಾ ತಾನೇ ಕಲಿತ್ಕೊಳ್ತು" ಎಂದರು ಅಳಿಯಂದಿರು. ಬಂದವರಲ್ಲಿ ಒಬ್ಬ ತಲೆದೂಗಿದ. ಮೆಲ್ಲಿ ಕೊನೆಯ ಲೋಟವನ್ನು ಸದ್ದಾಗದಂತೆ ತಟ್ಟೆಯಲ್ಲಿಟ್ಟು, ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಹೊರಬಂದಳು.

ಪರದೆಯ ಮೇಲಿನ ಆ ಹಸಿರು ಚೌಕಟ್ಟನ್ನು ಯಂತ್ರಕ್ಕೆ ಹೇಳಿಕೊಟ್ಟವಳು ಅವಳು. ಎರಡು ಬಿತ್ತನೆ ಕಾಲ, ನಲವತ್ತೊಂದು ಸಾವಿರ ಚಿತ್ರ.

ಯಂತ್ರದ ಕೆಲಸ ಬಾಯಲ್ಲಿ ಹೇಳಿದರೆ ಸುಲಭ. ಟ್ರ್ಯಾಕ್ಟರಿನ ಹಿಂದೆ ಒಂದು ತೊಟ್ಟಿ, ಅದರ ತುಂಬ ಬಿತ್ತನೆಯ ಆಲೂಗಡ್ಡೆ. ತೊಟ್ಟಿಯ ಒಳಗಿಂದ ಒಂದು ಪಟ್ಟಿ ಮೇಲೇರುತ್ತದೆ. ಪಟ್ಟಿಗೆ ಸಾಲಾಗಿ ಬಟ್ಟಲುಗಳು, ಬಟ್ಟಲಿಗೊಂದು ಗಡ್ಡೆ. ಮೇಲೆ ಹೋದ ಗಡ್ಡೆ ಕೊಳವೆಯೊಳಗೆ ಇಳಿದು, ಕೆಳಗೆ ಸೀಳಿದ ಸಾಲಿನಲ್ಲಿ ಕೂರುತ್ತದೆ. ಹಿಂದಿನ ಎರಡು ತಟ್ಟೆಗಾಲಿಗಳು ಮಣ್ಣೆಳೆದು ಮುಚ್ಚುತ್ತವೆ. ತಕರಾರೆಲ್ಲ ಬಟ್ಟಲುಗಳದ್ದು. ಕೆಲವು ಖಾಲಿ ಏರುತ್ತವೆ, ಕೆಲವು ಎರಡೆರಡು ಹೊತ್ತು ಏರುತ್ತವೆ. ಅದನ್ನು ನೋಡಿಕೊಳ್ಳಲೆಂದೇ ಹಿಂದೆ ಒಂದು ಸೀಟು ಇತ್ತು. ಮೂರು ವರ್ಷ ಆ ಸೀಟಿನಲ್ಲಿ ಕೂತು, ಖಾಲಿ ಬಟ್ಟಲಿಗೆ ಗಡ್ಡೆ ಹಾಕಿ, ಹೆಚ್ಚಿದ್ದನ್ನು ತೆಗೆದು, ಬೆನ್ನು ಮುರಿದುಕೊಂಡವಳು ಮೆಲ್ಲಿ. ಆಮೇಲೆ ಅಳಿಯಂದಿರು ಕ್ಯಾಮೆರಾ ಕೂರಿಸಿದರು. ಕ್ಯಾಮೆರಾಕ್ಕೆ ಏನೂ ತಿಳಿಯದು. ಇದು ಗಡ್ಡೆ, ಇದು ಹೆಂಟೆ, ಇದು ಖಾಲಿ, ಇದು ಜೋಡಿ, ಇದಕ್ಕೆ ಗಾಯವಾಗಿದೆ ಎಂದು ಚಿತ್ರದ ಮೇಲೆ ಗುರುತು ಹಾಕಿ ತೋರಿಸಲು ಯಾರಾದರೂ ಬೇಕಿತ್ತು. ಓದಿದ ಇಬ್ಬರು ಹುಡುಗರು ಬಂದು, ವಾರದಲ್ಲಿ ಕಣ್ಣುರಿ ಎಂದು ಓಡಿಹೋದರು. ಏಳನೇ ತರಗತಿಗೆ ಶಾಲೆ ಬಿಟ್ಟಿದ್ದ ಮೆಲ್ಲಿ ಉಳಿದಳು. ಅವಳ ನಿಜವಾದ ಹೆಸರನ್ನು ಕಾರ್ಖಾನೆಯಲ್ಲಿ ಯಾರೂ ಕರೆಯುತ್ತಿರಲಿಲ್ಲ. ಮಾತಾಡಿದರೆ ಪಕ್ಕದವರಿಗೂ ಕೇಳಿಸುತ್ತಿರಲಿಲ್ಲವಾದ್ದರಿಂದ ಅವಳು ಮೆಲ್ಲಿ.

"ನಿನ್ನ ಮಾತು ಕೇಳ್ಬೇಕಂದ್ರೆ ನಾನು ಇಂಜಿನ್ ಆಫ್ ಮಾಡ್ಬೇಕು ಕಣೆ" ಎನ್ನುತ್ತಿದ್ದ ಟ್ರ್ಯಾಕ್ಟರಿನ ಡ್ರೈವರ್ ಮಾಮ. "ಡೀಸೆಲ್ ಉಳಿಸೋಕೆ ಯಜಮಾನ್ರು ನಿನ್ನ ಇಟ್ಕೊಂಡಿದಾರೆ."

ಚಹಾದ ದಿನ ಸಂಜೆ ಅಳಿಯಂದಿರು ಅವಳನ್ನು ಕರೆದು ಒಳ್ಳೆಯ ಮಾತಿನಲ್ಲೇ ಹೇಳಿದರು. ಕಂಪನಿಯವರು ಯಂತ್ರ ಕೊಳ್ಳುವ ಲಕ್ಷಣ ಇದೆ. ತಿಂಗಳ ಕೊನೆಗೆ ಹೊಲದಲ್ಲಿ ಪರೀಕ್ಷೆ. ಅದು ಮುಗಿದರೆ ಕಲಿಸುವ ಕೆಲಸವೂ ಮುಗಿಯಿತು, ಹಿಂದಿನ ಸೀಟನ್ನೂ ಬಿಚ್ಚಿ ಹಾಕುತ್ತಾರೆ. "ನಿಂಗೂ ರೆಸ್ಟು ಬೇಕಲ್ಲಮ್ಮ" ಎಂದರು. ಮೆಲ್ಲಿ ಹೂಂ ಎಂದಳು. ಅವರಿಗೆ ಕೇಳಿಸಿತೋ ಇಲ್ಲವೋ.

ಮನೆಯಲ್ಲಿ ಆ ರೆಸ್ಟಿಗೆ ಜಾಗ ಆಗಲೇ ತಯಾರಾಗಿತ್ತು. ಅಣ್ಣನ ಮನೆಯ ನಡುಕೋಣೆಯಲ್ಲಿ ಅತ್ತಿಗೆಯ ಎರಡು ಹೊಲಿಗೆ ಯಂತ್ರ. ಮೂಲೆಯಲ್ಲಿ ಇಸ್ತ್ರಿ ಮೇಜು. ಆ ಮೇಜಿನ ಕೆಳಗೆ ಮೆಲ್ಲಿಯ ಹಾಸಿಗೆಯ ಸುರುಳಿ.

"ಸೀಸನ್ ಮುಗೀಲಿ, ಗುಂಡಿ ಹಾಕೋಕೆ ಕೂತ್ಕೋ" ಎಂದಳು ಅತ್ತಿಗೆ, ಬಾಯಲ್ಲಿ ದಾರ ಕಚ್ಚಿಕೊಂಡು. "ಮಕ್ಕಳನ್ನೂ ನೋಡ್ಕೊಂಡ ಹಾಗಾಗುತ್ತೆ. ಕಂಪ್ಯೂಟರ್ ಮುಂದೆ ಕೂತು ಆಲೂಗಡ್ಡೆಗೆ ಬೊಟ್ಟು ಇಡೋದೂ ಒಂದು ಕೆಲಸಾನಾ?"

"ಅವಳು ಬೊಟ್ಟಿಟ್ಟಿದ್ದಕ್ಕೇ ಯಂತ್ರ ಓಡ್ತಿರೋದಂತೆ" ಎಂದ ಅಣ್ಣ.

"ಹಾಗಂತ ಯಾರು ಹೇಳಿದ್ದು? ಇವಳೇ ತಾನೆ?"

ಅಣ್ಣ ಪತ್ರಿಕೆಯ ಪುಟ ತಿರುಗಿಸಿದ. ಮೆಲ್ಲಿ ಅಂಗಿಯೊಂದನ್ನು ತೊಡೆಯ ಮೇಲೆಳೆದುಕೊಂಡು ಗುಂಡಿ ಹಾಕಿದಳು. ಒಂದು, ಎರಡು, ಮೂರು. ಐದನೆಯದಕ್ಕೆ ಬರುವಷ್ಟರಲ್ಲಿ ಅವಳಿಗೆ ಒಂದು ಸಂಗತಿ ಸ್ಪಷ್ಟವಾಗಿತ್ತು. ಇಲ್ಲಿ ಕೂತರೆ ಮತ್ತೆ ಏಳುವುದಿಲ್ಲ.

ಬಸ್ ನಿಲ್ದಾಣದ ಹಿಂದೆ ಇನ್ನೊಂದು ವರ್ಕ್‌ಶಾಪ್ ಇತ್ತು. ಅದರ ಒಡೆಯ ಬೆಸುಗೆಯ ಕನ್ನಡಕವನ್ನು ಊಟದಲ್ಲೂ ಹಣೆಯಿಂದ ಇಳಿಸುತ್ತಿರಲಿಲ್ಲ, ಹೀಗಾಗಿ ಎಲ್ಲರ ಬಾಯಲ್ಲೂ ಅವನು ಕನ್ನಡಕ. ಅವನೂ ಅಂಥದೇ ಯಂತ್ರ ಮಾಡಿ ಎರಡು ವರ್ಷದಿಂದ ಒದ್ದಾಡುತ್ತಿದ್ದ. ಹಿಂದೊಮ್ಮೆ ಗುಜರಿ ಕೊಳ್ಳಲು ಬಂದಾಗ ಮೆಲ್ಲಿಯ ಬೆನ್ನ ಹಿಂದೆ ನಿಂತು ಅವಳು ಗುರುತು ಹಾಕುವುದನ್ನು ಹತ್ತು ನಿಮಿಷ ನೋಡಿದ್ದ. ಆ ಕಾರ್ಖಾನೆಯಲ್ಲಿ ಅವಳ ಕೆಲಸವನ್ನು ಯಾರಾದರೂ ನಿಂತು ನೋಡಿದ್ದು ಅದೊಂದೇ ಸಲ. ಗುಂಡಿ ಹಾಕಿದ ಮರುದಿನ ಅವಳು ಬಸ್ಸಿಗೆ ಕಾಯುತ್ತಿರುವಾಗ ಅವನೇ ಪಕ್ಕಕ್ಕೆ ಬಂದು ನಿಂತ.

"ನನ್ನ ಯಂತ್ರಕ್ಕೂ ಬಟ್ಟಲಿದೆ, ಪಟ್ಟಿಯಿದೆ, ಕ್ಯಾಮೆರಾನೂ ಇದೆ. ಕುರುಡು ಕ್ಯಾಮೆರಾ" ಎಂದ, ಬಸ್ಸು ಬರುವ ದಿಕ್ಕನ್ನೇ ನೋಡುತ್ತ. "ನೀನು ಅಲ್ಲಿ ಕಲಿಸಿದ್ದನ್ನ ತಂದ್ಕೊಡು. ಕೋಣೆ ನಿಂದು. ಬಾಗಿಲ ಮೇಲೆ ನಿನ್ನ ಹೆಸರು. ಕೈ ಕೆಳಗೆ ನಾಲ್ಕು ಜನ."

ಮೆಲ್ಲಿ ಬಸ್ಸಿನ ಚಿಲ್ಲರೆಯನ್ನು ಅಂಗೈಯಲ್ಲಿ ಎಣಿಸಿಕೊಂಡಳು.

"ಆದ್ರೆ ಒಂದು ಮಾತು. ನಿಮ್ಮದು ನೂರಕ್ಕೆ ಎರಡು ಬಿಡುತ್ತೆ ಅಂತ ಕೇಳಿದೀನಿ. ಮಣ್ಣು ಮೆತ್ಕೊಂಡ್ರೆ ತಬ್ಬಿಬ್ಬಾಗುತ್ತಂತೆ. ಅದನ್ನ ಸರಿಮಾಡಿ ತಾ. ಅರ್ಧ ಕಣ್ಣು ಯಾರಿಗೆ ಬೇಕು?"

ಬಸ್ಸು ಬಂತು. ಮೆಲ್ಲಿ ಹತ್ತಿ, ಕಿಟಕಿಯ ಪಕ್ಕ ಕೂತು, ಮನೆ ಬರುವವರೆಗೆ ಒಂದೇ ವಿಷಯ ಯೋಚಿಸಿದಳು. ಕದಿಯಬೇಕೋ ಬೇಡವೋ ಎಂದಲ್ಲ. ಹೇಗೆ ಎಂದು.

ಕಲಿಕೆಯೆಲ್ಲ ಇದ್ದದ್ದು ಒಳಗಿನ ಕೋಣೆಯ ಕಂಪ್ಯೂಟರುಗಳಲ್ಲಿ. ಅವಕ್ಕೆ ಹೊರಗಿನ ಯಾವ ತಂತಿಯೂ ಇರಲಿಲ್ಲ. ಯಜಮಾನರಿಗೆ ಇಂಟರ್ನೆಟ್ಟೆಂದರೆ ಬಾಗಿಲು ತೆರೆದಿಟ್ಟ ಮನೆ. ಬರುವಾಗ ಫೋನನ್ನು ಗೇಟಿನ ತಟ್ಟೆಯಲ್ಲಿ ಹಾಕಬೇಕು. ಹೋಗುವಾಗ ಗೇಟಿನಕ್ಕ ಕೀಂ ಎನ್ನುವ ಕೋಲನ್ನು ಮೈಮೇಲೆಲ್ಲ ಆಡಿಸುತ್ತಾಳೆ, ತಲೆಯ ಪಿನ್ನಿಗೂ ಅದು ಅರಚುತ್ತದೆ. ಯಂತ್ರಕ್ಕೆ ಹಾಕುವ ಉಗುರಿನಷ್ಟಗಲದ ಕಾರ್ಡುಗಳು ಆರು, ಆರಕ್ಕೂ ನಂಬರು, ಸಂಜೆ ಆರನ್ನೂ ಎಣಿಸಿ ಕಪಾಟಿಗೆ ಹಾಕುತ್ತಾರೆ. ಗೋಡೆಯಾಚೆ ಎಸೆಯೋಣವೆಂದರೆ ಗೋಡೆಯುದ್ದಕ್ಕೂ ಕ್ಯಾಮೆರಾ.

ಆದರೆ ಏಳನೆಯ ಕಾರ್ಡು ಒಂದಿತ್ತು. ಹೋದ ವರ್ಷ ಮೊದಲನೆಯ ಕ್ಯಾಮೆರಾ ಕಲ್ಲು ತಗುಲಿ ಒಡೆದು, ಅದನ್ನು ಹಾಗೇ ಗುಜರಿಯ ಪೆಟ್ಟಿಗೆಗೆ ಎಸೆದಿದ್ದರು. ನಂಬರು ಹಾಕುವ ಪದ್ಧತಿ ಬಂದದ್ದು ಅದರ ನಂತರ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಮೆಲ್ಲಿ ಗುಜರಿಯ ಪೆಟ್ಟಿಗೆಯಲ್ಲಿ ಕೈಯಾಡಿಸಿದಳು. ಒಡೆದ ಕ್ಯಾಮೆರಾದ ಹೊಟ್ಟೆಯಲ್ಲಿ ಕಾರ್ಡು ಇನ್ನೂ ಕೂತಿತ್ತು.

ಹೊರಗೆ ಸಾಗಿಸುವ ದಾರಿಯನ್ನು ಅವಳಿಗೆ ಯಂತ್ರವೇ ತೋರಿಸಿತು. ದಿನದ ಪ್ರಯೋಗಗಳೆಲ್ಲ ಗೋಡೆಯ ಒಳಗಿನ ಚಿಕ್ಕ ಮಡಿಯಲ್ಲಿ ನಡೆಯುತ್ತಿದ್ದವು. ಪರೀಕ್ಷೆಗೆ ಮಾತ್ರ ರಸ್ತೆಯಾಚೆಯ ಹೊಲ ಗೊತ್ತುಮಾಡಿದ್ದರು. ಅಂದು ಯಂತ್ರ ದೊಡ್ಡ ಗೇಟು ದಾಟಿ ಹೋಗುತ್ತದೆ. ಜನರ ಮೈಮೇಲೆ ಕೋಲು ಆಡಿಸಬಹುದು. ಎರಡು ಟನ್ ಕಬ್ಬಿಣದ ಮೇಲೆ ಆಡಿಸಿ ಏನು ಕೇಳಿಸಿಕೊಳ್ಳುತ್ತಾರೆ? ಹೊಲಕ್ಕೆ ಬೇಲಿಯಿಲ್ಲ, ಪಕ್ಕದಲ್ಲೇ ಜನ ಓಡಾಡುವ ಕಾಲುದಾರಿ. ಅಲ್ಲಿಯ ಮಣ್ಣಿನಲ್ಲಿ ಏನನ್ನಾದರೂ ಬಿಟ್ಟು ಬಂದರೆ, ನಾಲ್ಕು ದಿನ ಬಿಟ್ಟು ಹೋಗಿ ಎತ್ತಿಕೊಳ್ಳಬಹುದು. ಬಿಡುವ, ಮಣ್ಣು ಮುಚ್ಚುವ, ಮೇಲೆ ಸಮ ಮಾಡುವ ಕೆಲಸವನ್ನೆಲ್ಲ ಯಂತ್ರವೇ ಮಾಡುತ್ತದೆ. ಎಲ್ಲರ ಕಣ್ಣೆದುರು, ಹಾಡುಹಗಲಲ್ಲಿ.

ಕಾರ್ಡನ್ನು ಗಡ್ಡೆಯೊಳಗಿಡಬೇಕು. ಅದು ತೊಂದರೆಯಲ್ಲ. ಕೋಳಿಮೊಟ್ಟೆ ಗಾತ್ರದ ಗಡ್ಡೆಗೆ ಚಾಕುವಿನಿಂದ ಬಿರಡೆಯಂತೆ ಕೊರೆದು, ಪ್ಲಾಸ್ಟಿಕ್ ಸುತ್ತಿದ ಕಾರ್ಡು ಇಟ್ಟು, ಬಿರಡೆ ಮುಚ್ಚಿ, ಮೇಣದ ಬತ್ತಿ ಸವರಿದರಾಯಿತು. ತೊಂದರೆ ಯಂತ್ರದ ಕಣ್ಣು. ಕೊರೆದ ಗಡ್ಡೆಯನ್ನು ತೊಟ್ಟಿಗೆ ಹಾಕಿದರೆ ಕಣ್ಣು ಅದನ್ನು ಗಾಯದ್ದೆಂದು ಹಿಡಿದು, ಗಾಳಿ ಊದಿ ಕಸದ ಬುಟ್ಟಿಗೆ ಬೀಳಿಸುತ್ತದೆ. ಖಂಡಿತ ಬೀಳಿಸುತ್ತದೆ. ಹುಳುಕು, ಬಿರುಕು, ಚಾಕುವಿನ ಗೆರೆ ಎಂದು ನಾಲ್ಕು ಸಾವಿರ ಗಾಯಗಳನ್ನು ತೋರಿಸಿಕೊಟ್ಟವಳು ಅವಳೇ. ತನ್ನ ಶಿಷ್ಯನಿಗೇ ಹೆದರಬೇಕಾಯಿತಲ್ಲ ಎಂದು ಅವಳಿಗೆ ನಗು ಬಂತು. ಒಂದು ಬಗೆಯ ಹೆಮ್ಮೆಯೂ.

ಹಾಗಾದರೆ ಗಡ್ಡೆ ಕಣ್ಣು ದಾಟಿದ ಮೇಲೆ ಸೇರಬೇಕು. ಯಂತ್ರಕ್ಕೆ ಕಣ್ಣು ಎರಡು. ಮೊದಲನೆಯದು ಬಟ್ಟಲನ್ನು ನೋಡಿ ತೀರ್ಮಾನಿಸುತ್ತದೆ. ಖಾಲಿಯೆಂದು ಕಂಡರೆ ಪಕ್ಕದ ತಟ್ಟೆಯಿಂದ ಒಂದು ಕಬ್ಬಿಣದ ಬೆರಳು ಗಡ್ಡೆಯನ್ನು ಬಟ್ಟಲಿಗೆ ದೂಡುತ್ತದೆ. ಆ ತಟ್ಟೆಯಲ್ಲಿಟ್ಟರೆ ಗಡ್ಡೆ ಯಾವ ಗುಣಿಗೆ ಹೋಯಿತೆಂದು ತಿಳಿಯದು. ತುದಿಯಲ್ಲಿರುವ ಎರಡನೆಯ ಕಣ್ಣು ಏನನ್ನೂ ತಿದ್ದುವುದಿಲ್ಲ, ದಾಟಿದ್ದು ತುಂಬಿತ್ತೋ ಖಾಲಿಯೋ ಎಂದು ಬರೆದುಕೊಳ್ಳುತ್ತದೆ ಅಷ್ಟೆ. ಅದನ್ನು ದಾಟಿ ಕೊಳವೆಗೆ ಬೀಳುವ ಮುಂಚೆ ಎರಡು ಎಣಿಸುವಷ್ಟು ಹೊತ್ತಿದೆ. ಅಲ್ಲಿ ಪಕ್ಕಕ್ಕೆ ಒಂದು ಮುಚ್ಚಳ, ಹಿಂದಿನ ಸೀಟಿನಲ್ಲಿ ಕೂತವರ ಬಲಗೈಗೆ ಸರಿಯಾಗಿ; ಈಗ ಬಟ್ಟಲಿಗೆ ಕೈ ಹೋಗುವ ಜಾಗ ಅದೊಂದೇ.

ಬಟ್ಟಲಲ್ಲಿ ಮೊದಲೇ ಒಂದು ಗಡ್ಡೆ ಇದ್ದರೆ ಎರಡನೆಯದು ನಿಲ್ಲದು, ಉರುಳಿ ಹಲ್ಲುಗಾಲಿಗೆ ಸಿಕ್ಕೀತು. ಖಾಲಿ ಬಟ್ಟಲೇ ಬೇಕು. ಅದಕ್ಕೂ ಉಪಾಯವಿತ್ತು. ಕಬ್ಬಿಣದ ಬೆರಳನ್ನು ತಡೆಯುವ ಒಂದು ಗುಂಡಿ, ಮೊದಲ ದಿನಗಳ ಪ್ರಯೋಗಕ್ಕೆಂದು ಹಾಕಿದ್ದು, ಸೀಟಿನ ಎಡಕ್ಕೆ ಹಾಗೇ ಉಳಿದಿತ್ತು. ಖಾಲಿ ಬಟ್ಟಲು ಬರುವುದನ್ನು ನೋಡಿ ಮೊಣಕಾಲಿಂದ ಅದನ್ನು ಒತ್ತಿದರೆ ಸಾಕು. ಬಟ್ಟಲು ಖಾಲಿಯೇ ದಾಟುತ್ತದೆ. ಎರಡನೆಯ ಕಣ್ಣು ಖಾಲಿಯೆಂದು ಬರೆಯುತ್ತದೆ. ಬರೆಯಲಿ. ಆರು ಸಾವಿರದ ನಾನೂರ ಚಿಲ್ಲರೆ ಗುಣಿಗಳ ಹೊಲದಲ್ಲಿ ಖಾಲಿಗಳು ನೂರಕ್ಕೂ ಮೀರಿ ಇರುತ್ತವೆ. ಆ ಗುಂಪಿನಲ್ಲಿ ಇನ್ನೊಂದು ಖಾಲಿ, ಸಂತೆಯಲ್ಲಿ ಇನ್ನೊಬ್ಬ ಅಪರಿಚಿತ.

ಇನ್ನು ಉಳಿದದ್ದು ಡ್ರೈವರ್ ಮಾಮನ ಕನ್ನಡಿ. ಅವನ ಬಾಯಿ ಎಲ್ಲೇ ಇದ್ದರೂ ಕಣ್ಣು ಹಿಂದಿನ ಕನ್ನಡಿಯಲ್ಲಿರುತ್ತಿತ್ತು. ಒಂದು ಭಾನುವಾರ ಮೆಲ್ಲಿ ಹೊಲದ ಕಾಲುದಾರಿಯಲ್ಲಿ ನಡೆದುಹೋದಳು. ಹೊಲದ ನಡುವೆ ಒಂದು ವಿದ್ಯುತ್ ಕಂಬ, ಅದಕ್ಕೆ ಓರೆಯಾಗಿ ಬಿಗಿದ ತಂತಿ. ಸಾಲುಗಳನ್ನು ಹೆಜ್ಜೆಯಲ್ಲಿ ಅಳೆದಳು. ಹನ್ನೊಂದನೇ ಸಾಲು ಆ ತಂತಿಗೆ ಒಂದು ಗೇಣು ಬಿಟ್ಟು ಹಾಯುತ್ತದೆ. ಅಲ್ಲಿ ಮಾಮ ತಂತಿಯನ್ನೇ ನೋಡಬೇಕು, ಬೇರೆ ದಾರಿಯಿಲ್ಲ. ಕಂಬವಿದ್ದರೆ ಮುಂದೆ ಹುಡುಕುವುದೂ ಸುಲಭ. ಗುರುತು ಹಾಕುವುದು ಅವಳ ಕಸುಬಲ್ಲವೇ.

ಇಷ್ಟು ಕೂಡಿಬಂದ ಮೇಲೆ ಅವಳು ಕನ್ನಡಕನ ಮಾತಿಗೆ ತಿರುಗಿದಳು. ನೂರಕ್ಕೆ ಎರಡು ಏಕೆ ತಪ್ಪುತ್ತದೆ ಎಂಬುದು ಅಳಿಯಂದಿರಿಗೆ ಬಗೆಹರಿದಿರಲಿಲ್ಲ; ಕ್ಯಾಮೆರಾ ಬದಲಿಸಬೇಕು ಎನ್ನುತ್ತಿದ್ದರು. ಮೆಲ್ಲಿ ಹಳೆಯ ಚಿತ್ರಗಳನ್ನು ಒಂದೊಂದಾಗಿ ತೆರೆದು, ಗಲ್ಲಕ್ಕೆ ಕೈಕೊಟ್ಟು, ಎರಡು ದಿನ ಸುಮ್ಮನೆ ನೋಡಿದಳು. ಮೂರನೇ ದಿನ ಕಂಡಿತು. ಒದ್ದೆ ಮಣ್ಣು ಬಟ್ಟಲಿನ ತಳಕ್ಕೆ ಮೆತ್ತಿಕೊಂಡರೆ ಅದು ಗಡ್ಡೆಯ ಬೆನ್ನಿನಂತೆ ಕಾಣುತ್ತದೆ. ಕಣ್ಣಿಗೆ ಅನುಮಾನ ಬರುತ್ತದೆ. ಅನುಮಾನ ಬಂದರೆ ಎರಡನೇ ಸಲ ನೋಡುತ್ತದೆ. ಎರಡನೇ ಸಲ ನೋಡಿ ಖಾಲಿಯೆಂದು ತಿಳಿಯುವಷ್ಟರಲ್ಲಿ ಬಟ್ಟಲು ಬೆರಳನ್ನು ದಾಟಿರುತ್ತದೆ. ಕಣ್ಣು ಕುರುಡಲ್ಲ, ಅದಕ್ಕೆ ಧೈರ್ಯ ಸಾಲದು, ಅಷ್ಟೆ.

ಅನುಮಾನ ಕಳೆಯಬೇಕು. ಮಣ್ಣು ಮೆತ್ತಿದ ಬಟ್ಟಲುಗಳ ಎರಡು ಸಾವಿರದ ಮುನ್ನೂರು ಚಿತ್ರ ಆರಿಸಿ, ಹನ್ನೊಂದು ದಿನ ಕೂತು, ಒಂದೊಂದರ ಅಂಚನ್ನೂ ಎಳೆ ಎಳೆಯಾಗಿ ಗುರುತಿಸಿದಳು. ಇದು ಮಣ್ಣು. ಇದೂ ಮಣ್ಣು. ಇದು ಮಾತ್ರ ಗಡ್ಡೆ. ಕಣ್ಣಿಂದ ನೀರು ಸುರಿಯುತ್ತಿತ್ತು. ಅತ್ತಿಗೆ, "ಅತ್ತಿದ್ಯಾ?" ಎಂದು ಕೇಳಿದಳು ಒಮ್ಮೆ, ಕೊಂಚ ಮೆತ್ತಗಾಗಿ. "ಇಲ್ಲ" ಎಂದಳು ಮೆಲ್ಲಿ.

ಹೊಸ ಗುರುತುಗಳನ್ನು ಸೇರಿಸಿ ಕಂಪ್ಯೂಟರು ಮತ್ತೆ ಕಲಿತು ಮುಗಿಸಿದ್ದು ಪರೀಕ್ಷೆಯ ಹಿಂದಿನ ಮಧ್ಯಾಹ್ನ. ಒಳಗಿನ ಮಡಿಯಲ್ಲಿ ಓಡಿಸಿ ನೋಡಲು ಹೊತ್ತಿರಲಿಲ್ಲ. ಅಳಿಯಂದಿರು ಹೊಸದನ್ನೇ ಯಂತ್ರಕ್ಕೆ ಹಾಕಿಸಿದರು. "ಸ್ವಲ್ಪ ಸುಧಾರಿಸಿದ್ರೂ ಲಾಭಾನೇ" ಎಂದರು. ಮೆಲ್ಲಿಯ ಅಂದಾಜೂ ಅಷ್ಟೇ. ನೂರಕ್ಕೆ ಎರಡು ಇದ್ದದ್ದು ಒಂದಕ್ಕೆ ಇಳಿದರೆ ಅದೇ ದೊಡ್ಡದು. ಆಗಲೂ ಹೊಲದಲ್ಲಿ ಅರವತ್ತು ಖಾಲಿ ಉಳಿಯುತ್ತವೆ. ಅರವತ್ತು ಸಾಕು. ಊಟದ ಹೊತ್ತಿನಲ್ಲಿ ಅವಳು ಏಳನೇ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಪರದೆಯ ಮೇಲೆ ಹಳೆಯ ಚಿತ್ರವೊಂದನ್ನು ತೆರೆದಿಟ್ಟುಕೊಂಡು, ನಲವತ್ತು ನಿಮಿಷ ಒಂದೇ ಗಡ್ಡೆಗೆ ಗುರುತು ಹಾಕುತ್ತ ಕೂತಳು. ಯಾರೋ ಹಾದುಹೋದರು. ಯಾರೂ ನಿಲ್ಲಲಿಲ್ಲ. ಅವಳನ್ನು ಗಮನಿಸದಿರುವುದು ಅವರಿಗೆಲ್ಲ ಅಷ್ಟು ರೂಢಿಯಾಗಿತ್ತು.

ಪರೀಕ್ಷೆಯ ಬೆಳಿಗ್ಗೆ ಮೋಡವಿತ್ತು, ಮಣ್ಣು ಹಸಿಯಾಗಿತ್ತು. ಪಕ್ಕದ ತಟ್ಟೆಗೆ ಗಡ್ಡೆ ತುಂಬಲು ಒಬ್ಬರು ಬೇಕೆಂದು ಅಳಿಯಂದಿರೇ ಅವಳನ್ನು ಹಿಂದಿನ ಸೀಟಿಗೆ ಹತ್ತಿಸಿದರು. ಸೀಟಿನ ಕೆಳಗಿನ ಬುಟ್ಟಿಯ ತುಂಬ ಗಡ್ಡೆ. ಎಡ ಮೂಲೆಯದ್ದು ಅವಳದು, ಹಿಂದಿನ ಸಂಜೆಯೇ ಕೊರೆದು, ಕಾರ್ಡು ಇಟ್ಟು, ಮೇಣ ಸವರಿಟ್ಟದ್ದು. ಗೇಟಿನಕ್ಕ ಕೋಲು ಆಡಿಸಿದಳು. ಕೋಲು ತೆಪ್ಪಗಿತ್ತು.

"ಇವತ್ತಾದ್ರೂ ಪಿನ್ನು ಬಿಟ್ಟು ಬಂದಿದೀಯ, ಪುಣ್ಯಾತ್ಗಿತ್ತಿ" ಎಂದಳು ಗೇಟಿನಕ್ಕ.

ಹೊಲದ ತುದಿಯಲ್ಲಿ ಜೀಪು ನಿಂತಿತ್ತು. ಕಂಪನಿಯಿಂದ ತಪಾಸಣೆಗೆ ಬಂದಿದ್ದದ್ದು ಬೇರೆಯವರು, ಅರವತ್ತರ ಹತ್ತಿರದ ಒಬ್ಬ ಹೆಂಗಸು. ಗಂಡಸರ ಬೂಟು ತೊಟ್ಟಿದ್ದಳು. ಯಂತ್ರದ ಸುತ್ತ ಒಂದು ಸುತ್ತು ಬಂದು, ಬಟ್ಟಲೊಂದರ ಒಳಗೆ ಬೆರಳಾಡಿಸಿ, ಬೆರಳನ್ನು ಮೂಸಿ ನೋಡಿ, "ಶುರು ಮಾಡಿ" ಎಂದಳು.

ಹದಿನಾಲ್ಕು ಸಾಲು. ಒಂದು ಸಾಲಿಗೆ ನಾಲ್ಕು ನಿಮಿಷ. ಮೊದಲ ಹತ್ತು ಸಾಲು ಮೆಲ್ಲಿ ತಟ್ಟೆ ತುಂಬಿದಳು, ಕನ್ನಡಿ ನೋಡಿದಳು, ಮತ್ತೆ ತಟ್ಟೆ ತುಂಬಿದಳು. ಡ್ರೈವರ್ ಮಾಮ ಕನ್ನಡಿಯಿಂದ ಎರಡು ಸಲ ಹುಬ್ಬು ಹಾರಿಸಿದ, ಅವಳು ಒಂದು ಸಲ ನಕ್ಕಳು. ಬಟ್ಟಲುಗಳ ಕಡೆ ಅವಳ ಗಮನವಿರಲಿಲ್ಲ. ಬೆರಳಿನ ಟಕ್ ಟಕ್ ಸದ್ದು ಮಾತ್ರ ಕೇಳಿಸುತ್ತಿತ್ತು, ಎಂದಿಗಿಂತ ಚುರುಕಾಗಿ.

ಟ್ರ್ಯಾಕ್ಟರು ಹನ್ನೊಂದನೇ ಸಾಲಿಗೆ ತಿರುಗಿತು. ಬುಟ್ಟಿಗೆ ಕೈಹಾಕಿ ತನ್ನ ಗಡ್ಡೆಯನ್ನು ತೆಗೆದುಕೊಂಡಳು. ಮೇಣದ ಜಾಗ ಹೆಬ್ಬೆರಳಿಗೆ ನುಣ್ಣಗೆ ಹತ್ತಿತು. ಕಂಬ ಹತ್ತಿರ ಬಂತು. ಮಾಮನ ತಲೆ ತಂತಿಯ ಕಡೆ ವಾಲಿತು. ಒಂದು ಬಟ್ಟಲು ತುಂಬಿ ಬಂತು, ಇನ್ನೊಂದು, ಇನ್ನೊಂದು. ಬರಬಾರದೇ ಒಂದು ಖಾಲಿ ಎಂದು ಅವಳು ಹಲ್ಲು ಕಚ್ಚಿದಳು. ಬಂತು. ಮೊಣಕಾಲು ಗುಂಡಿಯನ್ನು ಒತ್ತಿತು. ಬೆರಳು ಟಕ್ ಎನ್ನಲಿಲ್ಲ. ಎರಡನೆಯ ಕಣ್ಣಿನ ಕೆಳಗೆ ಬಟ್ಟಲು ಬಾಯಿ ತೆರೆದುಕೊಂಡು ದಾಟಿತು. ಮುಚ್ಚಳ, ಕೈ, ಗಡ್ಡೆ. ಕೊಳವೆಯಲ್ಲಿ ಧಡ್ ಎಂಬ ಸಣ್ಣ ಸದ್ದು. ತಟ್ಟೆಗಾಲಿಗಳು ಮಣ್ಣೆಳೆದವು. ಮಾಮ ಕನ್ನಡಿಗೆ ಮರಳಿದಾಗ ಅವಳು ಪಕ್ಕದ ತಟ್ಟೆಗೆ ಗಡ್ಡೆ ಹಾಕುತ್ತಿದ್ದಳು.

ಉಳಿದ ಮೂರು ಸಾಲು ಅವಳಿಗೆ ನೆನಪೇ ಉಳಿಯಲಿಲ್ಲ. ಇಳಿದು, ಬುಟ್ಟಿಯನ್ನು ಕೈಗೆತ್ತಿಕೊಂಡು ಬದಿಗೆ ನಿಂತಳು.

ತಪಾಸಣೆಯ ಹೆಂಗಸು ಆರೇಳು ಕಡೆ ಮಣ್ಣು ಕೆದಕಿ, ಗಡ್ಡೆಗಳ ನಡುವಿನ ಅಂತರ ಅಳೆದು ಬರೆದುಕೊಂಡಳು. ಆಮೇಲೆ ಎದ್ದು ನಿಂತು, ಕೈ ಕೊಡವುತ್ತ ಕೇಳಿದಳು. "ಇದಕ್ಕೆ ಕಲಿಸಿದೋರು ಯಾರು?"

"ಅದು ಹಾಗಲ್ಲ ಮೇಡಂ" ಎಂದರು ಅಳಿಯಂದಿರು. "ಯಂತ್ರ ತಾನಾಗೇ..."

"ಯಂತ್ರ ತಾನಾಗಿ ಏನೂ ಕಲಿಯಲ್ಲ. ಬಟ್ಟಲಿಗೆ ಮಣ್ಣು ಮೆತ್ತಿದೆ, ಆದ್ರೂ ಬೆರಳು ಒಂದು ಸಲವೂ ತಡವರಿಸಲಿಲ್ಲ. ನಾನು ಸದ್ದು ಕೇಳ್ತಾ ಇದ್ದೆ. ಯಾರೋ ಕೂತು, ಕಣ್ಣು ಹಾಳುಮಾಡ್ಕೊಂಡು ಹೇಳ್ಕೊಟ್ಟಿದಾರೆ. ಯಾರದು?"

ಉತ್ತರ ಕೊಟ್ಟದ್ದು ಡ್ರೈವರ್ ಮಾಮ. "ಇನ್ಯಾರು, ನಮ್ಮ ಮೆಲ್ಲಿ. ಅಗೋ, ಬುಟ್ಟಿ ಹಿಡ್ಕೊಂಡು ನಿಂತಿದಾಳಲ್ಲ."

ಹೆಂಗಸು ಅವಳ ಹತ್ತಿರ ನಡೆದುಬಂದಳು. ಅವಳ ಕೆಂಪಾದ ಕಣ್ಣುಗಳನ್ನು ನೋಡಿದಳು, ನಂಬಿದಳು. "ಯಂತ್ರ ಒಂದೇ ಒಯ್ದರೆ ನಮಗೆ ಪ್ರಯೋಜನ ಇಲ್ಲ. ನಮ್ಮ ಕಡೆ ಮಣ್ಣು ಬೇರೆ, ಗಡ್ಡೆ ಬೇರೆ. ಮತ್ತೆ ಕಲಿಸ್ಬೇಕು. ನೀವೂ ಜೊತೆಗೆ ಬರಬೇಕು ಅಂತ ಕರಾರಲ್ಲೇ ಬರೆಸ್ತೀನಿ. ಇರೋಕೆ ಮನೆ ಕೊಡ್ತೀವಿ. ಬರ್ತೀರಾ?"

ಮೆಲ್ಲಿಗೆ ಬರುತ್ತೇನೆ ಎನ್ನಲು ಎರಡು ಸಲ ಬಾಯಿ ತೆರೆಯಬೇಕಾಯಿತು. ಕನ್ನಡಕ, ಅವನ ಕೋಣೆ, ಬಾಗಿಲ ಮೇಲಿನ ಹೆಸರು, ಎಲ್ಲವೂ ಒಂದು ಕ್ಷಣದಲ್ಲಿ ಯಾರದೋ ಕತೆಯಂತಾದವು. ಆ ಗಡ್ಡೆ ಅಲ್ಲೇ ಕೊಳೆತುಹೋಗಲಿ. ನಾಲ್ಕು ದಿನದ ಮಾತೇಕೆ, ನಲವತ್ತು ವರ್ಷ ಅತ್ತ ಸುಳಿಯುವುದಿಲ್ಲ. ತಾನು ಏನನ್ನೂ ಕದ್ದೇ ಇಲ್ಲ. ಹೊಲದಲ್ಲಿ ಒಂದು ಗಡ್ಡೆ ಬಿತ್ತಿದ್ದಾಳೆ ಅಷ್ಟೆ.

"ಇನ್ನೊಂದು ಬಾಕಿ ಇದೆ" ಎಂದಳು ಹೆಂಗಸು, ಜೀಪಿನಿಂದ ಕೈಗುದ್ದಲಿ ತೆಗೆಯುತ್ತ. "ಯಂತ್ರ ಖಾಲಿ ಅಂತ ಬರ್ಕೊಂಡ ಜಾಗ ನಿಜಕ್ಕೂ ಖಾಲಿನಾ ಅಂತ ಐದು ಕಡೆ ಅಗೆದು ನೋಡ್ತೀವಿ. ನಮ್ಮಲ್ಲಿ ಅದೊಂದು ಪದ್ಧತಿ. ತಪ್ಪು ಮಾಡಿದ್ರೂ ಪರವಾಗಿಲ್ಲ, ಸುಳ್ಳು ಹೇಳ್ಬಾರ್ದು. ಖಾಲಿಗಳ ಪಟ್ಟಿ ತೆಗೀರಿ."

ಮೆಲ್ಲಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅರವತ್ತರಲ್ಲಿ ಐದು. ಮೊದಲ ಸಾಲುಗಳಲ್ಲೇ ಐದು ಸಿಗುತ್ತವೆ, ಹೊಲದ ನಡುವಿನವರೆಗೆ ಕೆಸರಿನಲ್ಲಿ ಬೂಟು ಎಳೆದುಕೊಂಡು ಯಾರು ಹೋಗುತ್ತಾರೆ? ಅಳಿಯಂದಿರು ಯಂತ್ರದ ಪಕ್ಕದ ಚಿಕ್ಕ ಪರದೆಯನ್ನು ಒರೆಸಿ ಬೆಳಗಿಸಿದರು. ಎಲ್ಲರೂ ಬಗ್ಗಿದರು. ಅವಳೂ ಬಗ್ಗಿದಳು.

ಅಳಿಯಂದಿರು ಬೆರಳಿಟ್ಟು ಪಟ್ಟಿಯನ್ನು ಮೇಲಕ್ಕೆ ಸರಿಸಿದರು. ಅದು ಸರಿಯಲಿಲ್ಲ. ಪರದೆ ಕೆಟ್ಟಿತೇನೋ ಎಂದು ಮತ್ತೆ ಸರಿಸಿದರು. ಕೆಟ್ಟಿರಲಿಲ್ಲ, ಸರಿಯಲು ಕೆಳಗೆ ಏನೂ ಇರಲಿಲ್ಲ, ಅಷ್ಟೆ. ಮೆಲ್ಲಿ ಕಲಿಸಿದ್ದನ್ನು ಯಂತ್ರ ಅಷ್ಟು ಚೆನ್ನಾಗಿ ಕಲಿತೀತು ಎಂದು ಆ ಕಾರ್ಖಾನೆಯಲ್ಲಿ ಯಾರೂ ನಂಬಿರಲಿಲ್ಲ, ಮೆಲ್ಲಿಯೂ ನಂಬಿರಲಿಲ್ಲ. ಬಿತ್ತಿದ ಗುಣಿಗಳು ಆರು ಸಾವಿರದ ನಾನೂರ ನಲವತ್ತು. ಜೋಡಿ, ಸೊನ್ನೆ. ಖಾಲಿ, ಒಂದು: ಹನ್ನೊಂದನೇ ಸಾಲು, ಇನ್ನೂರ ಆರನೇ ಗುಣಿ. "ಇಡೀ ಹೊಲಕ್ಕೆ ಒಂದೇ" ಎಂದಳು ತಪಾಸಣೆಯ ಹೆಂಗಸು, ಅಂದು ಮೊದಲ ಸಲ ನಕ್ಕು. "ಬನ್ನಿ, ಕಂಬದ ಹತ್ತಿರವೇ ಇರಬೇಕು." ಆಮೇಲೆ ಏನೋ ಹೊಳೆದವಳಂತೆ ನಿಂತು, ಕೈಗುದ್ದಲಿಯನ್ನು ಗೌರವದಿಂದ ಮೆಲ್ಲಿಯ ಕಡೆ ಚಾಚಿದಳು. "ನಿಮ್ಮ ಕೈಯಿಂದಲೇ ಅಗೀರಿ."